ಪರಂಗಿಯಲ್ಲದ ಟೀಚರು

“ಏಳು ವರ್ಷ ಇಂಗ್ಲಿಷ್ ಕಲಿಸಿದವಳಿಗೆ ಇಂಗ್ಲಿಷ್ ಕಲಿಸೋದು ಹೇಗೆ ಅಂತ ಕಲಿಸ್ತಾರಂತಾ?” ಎಂದು ನಮ್ಮತ್ತೆ ಫೋನಿನಲ್ಲಿ ಕೇಳಿದರು. ಅದು 2008ರ ಜನವರಿ. ನಾವು ಬ್ಯಾಂಕಾಕಿಗೆ ಬಂದು ಆರು ತಿಂಗಳಾಗಿತ್ತು. ಅತ್ತೆಯ ಮಾತಿನಲ್ಲಿ ಕೊಂಕಿರಲಿಲ್ಲ. ಎಂ.ಎ., ಬಿ.ಎಡ್. ಮಾಡಿಕೊಂಡು, ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಏಳು ವರ್ಷ ‘ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್’ ಎಂದು ಗಂಟಲು ಹರಿದುಕೊಂಡ ಸೊಸೆ, ಈಗ ಐವತ್ತು ಸಾವಿರ ಬಾತ್ ಸುರಿದು ನಾಲ್ಕು ವಾರದ ಕೋರ್ಸಿಗೆ ಸೇರುತ್ತೇನೆಂದರೆ ಯಾವ ಅತ್ತೆಗಾದರೂ ಹಾಗನ್ನಿಸೀತು. ಬಾತ್ ಎಂದರೆ ಥಾಯ್ಲೆಂಡಿನ ನಾಣ್ಯ. ಆಗ ನಮ್ಮ ಲೆಕ್ಕದಲ್ಲಿ ಆ ಹಣ ಅರವತ್ತು ಸಾವಿರ ರೂಪಾಯಿ ದಾಟುತ್ತಿತ್ತು. ಸಾಗರದ ಬ್ಯಾಂಕಿನಲ್ಲಿ ನನ್ನ ಹೆಸರಿನಲ್ಲಿದ್ದ ಡಿಪಾಸಿಟ್ಟನ್ನೇ ಮುರಿಸಿದೆ. “ನಾನು ಕೊಡ್ತೀನಲ್ಲ” ಎಂದು ಇವರು ಎಷ್ಟು ಹೇಳಿದರೂ ಕೇಳಲಿಲ್ಲ. ಹೋದರೆ ನಾನು ದುಡಿದದ್ದೇ ಹೋಗಲಿ ಎಂಬ ಹಟ.

ಹಟಕ್ಕೆ ಕಾರಣವಿತ್ತು. ಬೆಳಗ್ಗೆ ಏಳಕ್ಕೆ ಮಗಳು ಶಾಲೆಗೆ, ಏಳೂವರೆಗೆ ಇವರು ಆಫೀಸಿಗೆ. ಆಮೇಲೆ ಹದಿನೆಂಟನೇ ಮಹಡಿಯ ಮನೆಯಲ್ಲಿ ನಾನು ಮತ್ತು ಮಿಕ್ಸಿ. ನನ್ನ ವೀಸಾ ಗಂಡನ ಬಾಲಂಗೋಚಿಯಾಗಿ ಬಂದದ್ದು. ಅದನ್ನಿಟ್ಟುಕೊಂಡು ಸುಮ್ಮನೆ ಹೋಗಿ ಕೆಲಸ ಮಾಡುವ ಹಾಗಿಲ್ಲ. ಕೆಲಸ ಕೊಡುವವರು ಯಾರಾದರೂ ನನಗಾಗಿ ಅರ್ಜಿ ಹಾಕಿ, ವರ್ಕ್ ಪರ್ಮಿಟ್ ಎಂಬ ಪುಸ್ತಕ ಮಾಡಿಸಿಕೊಡಬೇಕು. ಕೆಲಸ ಕೊಡುವವರನ್ನು ಹುಡುಕಿಕೊಂಡು ಹೋದರೆ ಅವರು ಕೇಳುತ್ತಿದ್ದ ಮೊದಲ ಮಾತೇ, “ಟೆಫ್ಲ್ ಸರ್ಟಿಫಿಕೇಟು ಇದೆಯೇ?”

ಟೆಫ್ಲ್ ಎಂದರೆ ಇಂಗ್ಲಿಷನ್ನು ಪರದೇಶದ ಭಾಷೆಯಾಗಿ ಕಲಿಸುವ ವಿದ್ಯೆ. ನಮ್ಮಲ್ಲಿ ಕಲಿಸುವುದು ಹಾಗಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ನಮ್ಮ ಊರಿನಲ್ಲಿ ಇಂಗ್ಲಿಷ್ ಗಾಳಿಯಲ್ಲೇ ಇದೆ. ಔಷಧದ ಚೀಟಿ, ಬ್ಯಾಂಕಿನ ಚಲನ್, ಅಂಗಡಿಯ ಬೋರ್ಡು, ಕ್ರಿಕೆಟ್ಟಿನ ಕಾಮೆಂಟರಿ ಎಲ್ಲದರಲ್ಲೂ ಅದು ಅಷ್ಟಿಷ್ಟು ಕಿವಿಗೆ ಬಿದ್ದೇ ಬೀಳುತ್ತದೆ. ಥಾಯ್ಲೆಂಡನ್ನು ಯಾವ ಯೂರೋಪಿನವರೂ ಆಳಲಿಲ್ಲ. ಅಲ್ಲಿಯ ಕಚೇರಿ, ಕೋರ್ಟು, ಕಾಲೇಜು, ಸಿನಿಮಾ ಎಲ್ಲಕ್ಕೂ ಥಾಯ್ ಭಾಷೆ ಸಾಕು. ತರಗತಿಯ ಗಂಟೆ ಹೊಡೆದರೆ ಮಗುವಿನ ಪಾಲಿಗೆ ಇಂಗ್ಲಿಷ್ ಮುಗಿಯಿತು. ಕಲಿಸುವವಳು ಆ ಐವತ್ತು ನಿಮಿಷದೊಳಗೇ ಮಗುವಿನ ಬಾಯಿಂದ ಮಾತು ಹೊರಡಿಸಬೇಕು.

ನಾನು ಸೇರಿದ್ದು ‘ಸೆಲ್ಟಾ’ ಎಂಬ ಕೋರ್ಸಿಗೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗ ಕೊಡುವ ಸರ್ಟಿಫಿಕೇಟು ಅದು. ಸೇರುವ ಮೊದಲು ವ್ಯಾಕರಣದ ಪ್ರಶ್ನೆಗಳ ಒಂದು ಕಟ್ಟು ಬಿಡಿಸಬೇಕು, ಸಂದರ್ಶನವೂ ಇರುತ್ತದೆ. ಕೋರ್ಸು ಒಟ್ಟು 120 ಗಂಟೆ. ಅದರಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳೆದುರು ನಿಂತು ಪಾಠ ಮಾಡಬೇಕು, 6 ಗಂಟೆ ಅನುಭವಸ್ಥರ ಪಾಠಗಳನ್ನು ಕೂತು ನೋಡಬೇಕು, ನಾಲ್ಕು ಬರವಣಿಗೆಯ ಕೆಲಸ ಒಪ್ಪಿಸಬೇಕು. ಕೊನೆಯಲ್ಲಿ ಪರೀಕ್ಷೆಯೆಂಬುದಿಲ್ಲ. ದಿನದಿನವೂ ಪರೀಕ್ಷೆಯೇ. ನೀವು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಟ್ರೈನರಮ್ಮ ಬರೆಯುತ್ತಾ ಕೂತಿರುತ್ತಾರೆ, ಪಕ್ಕದಲ್ಲಿ ನಿಮ್ಮ ಸಹಪಾಠಿಗಳೂ ಬರೆಯುತ್ತಿರುತ್ತಾರೆ. ಹೆಣ್ಣು ನೋಡಲು ಬಂದವರ ಮುಂದೆ ಹಾಡಿದ ಅನುಭವ ಇದ್ದವರಿಗೆ ಇದು ಅಷ್ಟೇನೂ ಹೊಸದಲ್ಲವೆನ್ನಿ.

ಅಲ್ಲಿ “ಅರ್ಥ ಆಯ್ತಾ?” ಎಂದು ಕೇಳುವುದು ನಿಷಿದ್ಧ. ನಮ್ಮ ಶಾಲೆಗಳಲ್ಲಿ ಇದೊಂದು ಮಂಗಳಾರತಿ. ಟೀಚರು “ಅರ್ಥ ಆಯ್ತಾ?” ಎಂದರೆ ಅರವತ್ತು ಬಾಯಿ “ಆಯ್ತು ಮಿಸ್” ಎನ್ನುತ್ತವೆ, ಪಾಠ ಮುಗಿಯುತ್ತದೆ. ಇವರು ಹೇಳುವುದು, ಅರ್ಥವಾಗಿದೆಯೇ ಎಂದು ಕೇಳಬೇಡ, ಅರ್ಥವಾಗಿದ್ದರೆ ಮಾತ್ರ ಉತ್ತರ ಹೇಳಲಾಗುವಂಥ ಪ್ರಶ್ನೆ ಕೇಳು ಎಂದು. ‘ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್’ ಎಂಬ ವಾಕ್ಯ ಹೇಳಿದೆಯಾ? ಹಾಗಾದರೆ ಕೇಳು: ನಾನು ಈಗಲೂ ಇಲ್ಲಿದ್ದೇನೆಯೇ? ಬಂದದ್ದು ಯಾವಾಗ? ಬೇರೆ ಊರಿಗೆ ಹೋದೆನೇ? ಮೂರೇ ಪ್ರಶ್ನೆಗಳಲ್ಲಿ ಯಾರ ತಲೆಗೆ ಹೋಗಿದೆ, ಯಾರು ಸುಮ್ಮನೆ ತಲೆಯಾಡಿಸುತ್ತಿದ್ದಾರೆ ಎಂಬುದು ಹೊರಬೀಳುತ್ತದೆ. ಅರವತ್ತು ಸಾವಿರದಲ್ಲಿ ಅರ್ಧ ಹಣ ಇದೊಂದಕ್ಕೇ ಸಂದಿತು ಎಂದು ನಾನು ಇವತ್ತಿಗೂ ಹೇಳುತ್ತೇನೆ. ವಿದ್ಯಾರ್ಥಿಗಳ ಭಾಷೆಯನ್ನು ಕ್ಲಾಸಿನಲ್ಲಿ ಎತ್ತಲೇಬಾರದು ಎಂಬ ನಿಯಮವನ್ನು ಮಾತ್ರ ಮನಸ್ಸು ಒಪ್ಪಲಿಲ್ಲ. ಒಂದು ಥಾಯ್ ಪದ ಹೇಳಿದರೆ ಮುಗಿಯುವುದಕ್ಕೆ ಹತ್ತು ನಿಮಿಷ ಕೈಕಾಲು ಆಡಿಸಿ ನಾಟಕ ಮಾಡುವುದೇಕೆ?

ಹನ್ನೆರಡು ಮಂದಿಯಲ್ಲಿ ಹೆಚ್ಚಿನವರು ಇಂಗ್ಲೆಂಡು, ಅಮೆರಿಕ, ಆಸ್ಟ್ರೇಲಿಯಾದವರು. ಮ್ಯಾಂಚೆಸ್ಟರಿನಿಂದ ಬಂದ ಇಪ್ಪತ್ಮೂರರ ಹುಡುಗನೊಬ್ಬನಿದ್ದ. ಬೆನ್ನಿಗೊಂದು ಚೀಲ ಹಾಕಿಕೊಂಡು ದೇಶ ನೋಡಲು ಹೊರಟವನು, ಕೈಯ ಕಾಸು ಮುಗಿಯುವ ಮುಂಚೆ ಟೀಚರಾಗೋಣವೆಂದು ಬಂದಿದ್ದ. ಮೊದಲ ವಾರದ ಬುಧವಾರ ಸಂಜೆ ನನ್ನ ಮೇಜಿಗೆ ಬಂದು, “ಈ ಪ್ರೆಸೆಂಟ್ ಪರ್ಫೆಕ್ಟ್ ಅಂದರೆ ಏನು?” ಎಂದು ಪಿಸುಗುಟ್ಟಿದ. ಹುಟ್ಟಿದಂದಿನಿಂದ ಅದನ್ನು ಆಡುತ್ತಲೇ ಬಂದವನು! ಮೀನಿಗೆ ನೀರಿನ ಲೆಕ್ಕ ಗೊತ್ತಿರುವುದಿಲ್ಲ. ನಾನೋ ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು ಮಾಡಿದವಳು. ‘ಹತ್ತು ವರ್ಷದಿಂದ ಇಲ್ಲಿದ್ದೇನೆ’ ಎನ್ನುವ ಕನ್ನಡದ ಕಿವಿ ‘ಐ ಆಮ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂದೇ ಹೇಳಿಸುತ್ತದೆ. ಅಲ್ಲಿಂದ ದಾಟಿ ಬರಲು ರೆನ್ ಮತ್ತು ಮಾರ್ಟಿನ್ ಪುಸ್ತಕವನ್ನು ಎಷ್ಟು ಸಲ ತಿರುವಿಹಾಕಿದ್ದೇನೋ. ಥಾಯ್ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದೇ ಇಲ್ಲ. ‘ನಿನ್ನೆ ಹೋಗು, ನಾಳೆ ಹೋಗು’ ಎಂಬಂತೆ ಅದರ ನಡೆ. ಹಾಗಾಗಿ ಆ ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದು ನನಗೆ ಮೊದಲೇ ಕಾಣುತ್ತಿತ್ತು. ನಾನೂ ಆ ಕಲ್ಲಿನ ಮೇಲೆ ಕಾಲಿಟ್ಟು ಬಂದವಳೇ ತಾನೆ. ಆ ಸಂಜೆಯಿಂದ ನನ್ನ ಮೇಜಿನ ಸುತ್ತ ಒಂದು ಸಣ್ಣ ಟ್ಯೂಷನ್ನು ಶುರುವಾಯಿತು. ಫೀಸು ಅವರ ಕಾಫಿ, ನನ್ನ ಒಗ್ಗರಣೆ ಅವಲಕ್ಕಿ.

ಎರಡನೇ ವಾರ ಟ್ರೈನರಮ್ಮ ಬೋರ್ಡಿನ ಮೇಲೆ ದೊಡ್ಡದಾಗಿ ‘ಬ್ಯಾಂಗಲೋರ್’ ಎಂದು ಬರೆದರು. ನನ್ನ ಎದೆ ಧಸಕ್ಕೆಂದಿತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಎಂಬವರು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರಂತೆ. ವ್ಯಾಕರಣವನ್ನು ಪಾಠವಾಗಿ ಹೇಳದೆ, ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಇಂಥವನ್ನು ಮುಂದಿಟ್ಟು, ಲೆಕ್ಕ ಬಿಡಿಸುವಂತೆ ಮಕ್ಕಳಿಂದ ಸಮಸ್ಯೆ ಬಿಡಿಸಿದ್ದು. ಬಿಡಿಸುವ ಗಡಿಬಿಡಿಯಲ್ಲಿ ಭಾಷೆ ತಾನೇ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಅದರ ಬಗ್ಗೆ ಅವರು 1987ರಲ್ಲಿ ಪುಸ್ತಕವನ್ನೂ ಬರೆದರು. ‘ಬೆಂಗಳೂರು ಪ್ರಾಜೆಕ್ಟ್’ ಎಂದರೆ ಈ ವಿದ್ಯೆಯವರಿಗೆಲ್ಲ ಗೊತ್ತು, ಬೆಂಗಳೂರಿನ ಪಕ್ಕದಲ್ಲೇ ಬಿ.ಎಡ್. ಮಾಡಿದ ನನಗೊಬ್ಬಳಿಗೇ ಗೊತ್ತಿರಲಿಲ್ಲ. ನಮ್ಮ ಹಿತ್ತಲಿನ ಗಿಡವನ್ನು ಬ್ಯಾಂಕಾಕಿನಲ್ಲಿ, ಸ್ಕಾಟ್ಲೆಂಡಿನ ಹೆಂಗಸೊಬ್ಬಳ ಬಾಯಲ್ಲಿ ಮದ್ದೆಂದು ಕೇಳಿದ ಹಾಗಾಯಿತು.

ಇನ್ನೊಂದು ಕಥೆಯನ್ನೂ ಆಕೆಯೇ ಹೇಳಿದ್ದು. ಸೆಲ್ಟಾದ ಮೂಲ 1962ರಲ್ಲಿ ಲಂಡನ್ನಿನ ಇಂಟರ್‌ನ್ಯಾಷನಲ್ ಹೌಸ್ ಎಂಬ ಶಾಲೆ ಶುರುಮಾಡಿದ ಶಿಕ್ಷಕರ ತರಬೇತಿ. ಆ ಶಾಲೆಯನ್ನು ಕಟ್ಟಿದವರು ಜಾನ್ ಹೇಕ್ರಾಫ್ಟ್ ಮತ್ತು ಅವರ ಹೆಂಡತಿ ಬ್ರೀಟಾ. 1953ರಲ್ಲಿ ಸ್ಪೇನಿನ ಕೊರ್ಡೊಬಾದಲ್ಲಿ ಇಬ್ಬರೂ ಸೇರಿ ಸಣ್ಣದಾಗಿ ಆರಂಭಿಸಿದ ಪಾಠಶಾಲೆ ಅದು. ಬ್ರೀಟಾ ಸ್ವೀಡನ್ನಿನ ಹೆಣ್ಣುಮಗಳು. ಇಂಗ್ಲಿಷ್ ಆಕೆಯ ತಾಯ್ನುಡಿಯಲ್ಲ. ಆದರೂ ಇಂಗ್ಲಿಷಿನ ಉಚ್ಚಾರಣೆ ಕಲಿಸುವುದು ಹೇಗೆಂದು ಪುಸ್ತಕ ಬರೆದವರು ಆಕೆ. ನಾನು ಇದನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ಮುಂದೆ ಬಹಳ ಬೇಕಾಯಿತು.

ಕೋರ್ಸು ಮುಗಿದಾಗ ನನಗೆ ‘ಪಾಸ್ ಬಿ’ ಬಂತು. ಹುಡುಗನಿಗೆ ಬರೀ ‘ಪಾಸ್’. ಮೂರೇ ದಿನದಲ್ಲಿ ಅವನಿಗೆ ತಿಂಗಳಿಗೆ 35,000 ಬಾತ್‌ನ ಕೆಲಸ ಸಿಕ್ಕಿತು. ನಾನು ಅರ್ಜಿ ಹಾಕುತ್ತಲೇ ಇದ್ದೆ. ‘ನೇಟಿವ್ ಸ್ಪೀಕರುಗಳು ಮಾತ್ರ’ ಎಂದು ಜಾಹೀರಾತಿನಲ್ಲೇ ಇರುತ್ತಿತ್ತು. ‘ಅರ್ಜಿಯ ಜತೆ ಫೋಟೋ ಇರಲಿ’ ಎಂದೂ ಇರುತ್ತಿತ್ತು. ಪಾಠ ಮಾಡುವುದು ಬಾಯಿಂದ, ಫೋಟೋ ಏಕೆ ಎಂದು ಇವರನ್ನು ಕೇಳಿದೆ. ಇವರು ಪೇಪರಿನಿಂದ ತಲೆಯೆತ್ತಲಿಲ್ಲ. ಫೋನಿನಲ್ಲಿ ಮಾತಾಡಿ ಸಂತೋಷಪಟ್ಟವರು, “ಯಾವ ದೇಶ?” ಎಂದು ಕೇಳಿದ ಮೇಲೆ ತಣ್ಣಗಾಗುತ್ತಿದ್ದರು. ಒಂದು ಶಾಲೆಯ ಒಡತಿ ಮಾತ್ರ ನೇರವಾಗಿ ಹೇಳಿಬಿಟ್ಟಳು: “ನಿಮ್ಮ ಪಾಠ ಚೆನ್ನಾಗಿರಬಹುದು. ಆದರೆ ತಂದೆತಾಯಿಗಳಿಗೆ ಫರಂಗ್ ಬೇಕು.”

ಫರಂಗ್ ಎಂದರೆ ಬಿಳಿಯರು. ನಮ್ಮ ಅಜ್ಜಿ ‘ಪರಂಗಿಯವರು’ ಎನ್ನುತ್ತಿದ್ದರಲ್ಲ, ಅದೇ ಪದ ಹಡಗು ಹತ್ತಿ ಅಲ್ಲಿಗೂ ಹೋಗಿದೆ. ತಮಾಷೆಯೆಂದರೆ, ಹೊರಗಿನಿಂದ ಬಂದ ಹಣ್ಣಿಗೂ ಎರಡೂ ಕಡೆ ಅದೇ ಹೆಸರು. ನಾವು ಪರಂಗಿ ಎಂದು ಪಪ್ಪಾಯಿಯನ್ನು ಕರೆದರೆ, ಅವರು ಫರಂಗ್ ಎಂದು ಸೀಬೆಹಣ್ಣನ್ನು ಕರೆಯುತ್ತಾರೆ. ಆ ದಿನ ಮನೆಗೆ ಬರುವಾಗ ದಾರಿಯಲ್ಲಿ ಒಂದು ಕೆಜಿ ಸೀಬೆ ಕೊಂಡು ತಂದು, ಉಪ್ಪು ಖಾರ ಹಚ್ಚಿ ತಿಂದೆ.

ಕೊನೆಗೆ ಕೆಲಸ ಕೊಡಿಸಿದ್ದು ಆ ಮ್ಯಾಂಚೆಸ್ಟರಿನ ಹುಡುಗನೇ. “ನನಗೆ ವ್ಯಾಕರಣ ಹೇಳಿಕೊಟ್ಟವರು ಇವರು” ಎಂದು ತನ್ನ ಪ್ರಿನ್ಸಿಪಾಲರ ಬಳಿ ಕರೆದೊಯ್ದ. ಕೆಲಸ ಸಿಕ್ಕಿತು, ಅವನಷ್ಟೇ ತರಗತಿಗಳು. ಸಂಬಳ 18,000. ಆ ರಾತ್ರಿ ಮನೆಯಲ್ಲಿ ದೊಡ್ಡ ಚರ್ಚೆ. “ಅರ್ಧ ಸಂಬಳಕ್ಕೆ ಯಾಕೆ ಹೋಗ್ತೀಯ? ನಮಗೇನು ಕಡಿಮೆಯಾಗಿದೆ?” ಎಂದರು ಇವರು. ಕಡಿಮೆಯಾಗಿದ್ದುದನ್ನು ಬಾತ್‌ನಲ್ಲಿ ಎಣಿಸಲು ಬರುತ್ತಿರಲಿಲ್ಲ. ನನ್ನ ಹೆಸರಿನ ಒಂದು ವರ್ಕ್ ಪರ್ಮಿಟ್ ಪುಸ್ತಕ ಬೇಕಿತ್ತು ನನಗೆ. ಸಹಿ ಹಾಕಿದೆ.

ಇಲ್ಲಿ ಒಂದು ವಿಚಿತ್ರ ಕೇಳಿ. ಥಾಯ್ಲೆಂಡಿನ ಶಾಲೆಗಳಲ್ಲಿ ಕಲಿಸಲು ಅಲ್ಲಿಯ ಶಿಕ್ಷಕರ ಮಂಡಳಿಯ ಪರವಾನಗಿ ಬೇಕು. ಮಂಡಳಿಯ ಹೆಸರು ‘ಖುರುಸಫಾ’. ಬಿಡಿಸಿ ಓದಿದರೆ ನಮ್ಮ ಗುರುಸಭೆಯೇ! ಆ ಗುರುಸಭೆ ನೋಡುವುದು ಶಿಕ್ಷಣಶಾಸ್ತ್ರದ ಪದವಿಯನ್ನು. ನಾಲ್ಕು ವಾರದ ಸೆಲ್ಟಾ ಅದಕ್ಕೆ ಸಾಲದು. ಹುಡುಗನಿಗೆ ತಾತ್ಕಾಲಿಕ ಅನುಮತಿ ತೆಗೆದುಕೊಳ್ಳಬೇಕಾಯಿತು. ನನ್ನ ಬಿ.ಎಡ್. ಕೆಲಸಕ್ಕೆ ಬಂತು. ಕಾಗದದ ಪ್ರಕಾರ ಶಾಲೆಯಲ್ಲಿ ಕಲಿಸುವ ಅರ್ಹತೆ ನನ್ನದೇ ಹೆಚ್ಚು, ಸಂಬಳ ಅವನದೇ ಹೆಚ್ಚು. ಆ ಬಿ.ಎಡ್. ನಿಜವೆಂದು ವಿಶ್ವವಿದ್ಯಾಲಯದಿಂದ ಪತ್ರ ತರಿಸಲು ನನ್ನ ತಮ್ಮ ನಾಲ್ಕು ಸಲ ಬಸ್ಸು ಹತ್ತಿದ. ನಾಲ್ಕನೇ ಸಲ ಊಟದ ಡಬ್ಬಿ ತೆಗೆದುಕೊಂಡೇ ಹೋದನಂತೆ.

ಜೂನ್ ತಿಂಗಳ ಒಂದು ಗುರುವಾರ ಶಾಲೆಯಲ್ಲಿ ‘ವಾಯ್ ಖ್ರೂ’ ಹಬ್ಬ. ಖ್ರೂ ಎಂದರೆ ಗುರು. ಗುರುವಿಗೆ ಕೈಮುಗಿಯುವ ದಿನ. ವರ್ಷ ವರ್ಷ ಗುರುವಾರವೇ ಏಕೆಂದು ಕೇಳಿದೆ. ಆ ವಾರದ ಹೆಸರು ಅವರಲ್ಲೂ ಬೃಹಸ್ಪತಿಯದೇ. ಮಕ್ಕಳು ಮೊಣಕಾಲೂರಿಕೊಂಡು ಸಾಲಾಗಿ ಬಂದು, ನಮ್ಮೆದುರು ಬಾಗಿ, ಹೂವಿನ ತಟ್ಟೆ ಒಪ್ಪಿಸಿದರು. ತಟ್ಟೆಯಲ್ಲಿ ಏನೇನಿತ್ತು ಗೊತ್ತೇ? ಬದನೆಯ ಹೂ, ಕೇಪಳದ ಹೂ, ಗರಿಕೆ. ಬದನೆ ಹೂ ತಲೆ ತಗ್ಗಿಸಿಕೊಂಡಿರುತ್ತದೆ, ಅದು ವಿನಯಕ್ಕೆ. ಕೇಪಳದ ಮೊಗ್ಗು ಸೂಜಿಯಂತೆ ಚೂಪು, ಅದು ಬುದ್ಧಿಗೆ. ಅವರ ಭಾಷೆಯಲ್ಲಿ ಅದಕ್ಕೆ ‘ಸೂಜಿ ಹೂ’ ಎಂದೇ ಹೆಸರು. ಗರಿಕೆ ತುಳಿದರೂ ಹಬ್ಬುತ್ತದೆ, ಅದು ಛಲಕ್ಕೆ. ಫರಂಗ್ ಮೇಷ್ಟರುಗಳೆಲ್ಲ ಮುಜುಗರದಿಂದ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ನನ್ನ ಕೈಯಲ್ಲಿ ಗರಿಕೆ ಇತ್ತು. ಸಾಗರದ ನಮ್ಮ ಅಂಗಳದಲ್ಲಿ ಚೌತಿಯ ಬೆಳಗ್ಗೆ ಕಿತ್ತು ತರುತ್ತಿದ್ದೆನಲ್ಲ, ಅದೇ ಗರಿಕೆ. ಕಣ್ಣು ತುಂಬಿತು. ಪಕ್ಕದ ಥಾಯ್ ಟೀಚರು ಕರ್ಚೀಫು ಕೊಟ್ಟಳು.

ಮಕ್ಕಳು ನನ್ನನ್ನು “ಟೀಚರ್ ಖಾ” ಎನ್ನುತ್ತಿದ್ದರು. ಖಾ ಎಂಬುದು ಹೆಣ್ಣುಮಕ್ಕಳು ಮಾತಿನ ಕೊನೆಗೆ ಸೇರಿಸುವ ಮರ್ಯಾದೆ. ಉಚ್ಚಾರಣೆಯಲ್ಲಿ ನಮಗೂ ಅವರಿಗೂ ಎದುರುಬದುರು. ನಾವು ಪದದ ಬಾಲಕ್ಕೆ ಒಂದು ಉಕಾರ ಕಟ್ಟಿ ಬಸ್ಸು, ಕಾರು, ಬ್ಯಾಂಕು ಮಾಡುತ್ತೇವೆ. ಅವರು ಬಾಲವನ್ನೇ ನುಂಗುತ್ತಾರೆ. ಅವರ ನಾಲಿಗೆಗೆ ಪದದ ಕೊನೆಯ ಲಕಾರ ನಕಾರವಾಗುತ್ತದೆ, ಸಕಾರ ತಕಾರವಾಗುತ್ತದೆ. ಫುಟ್‌ಬಾಲ್ ಹೋಗಿ ‘ಫುಟ್‌ಬಾನ್’. ‘ಸುವರ್ಣಭೂಮಿ’ ಎಂದು ಬರೆದಿರುವ ವಿಮಾನ ನಿಲ್ದಾಣ ಬಾಯಲ್ಲಿ ‘ಸುವನ್ನಫೂಮ್’. ಇದರಿಂದ ಶಾಲೆಯಲ್ಲಿ ನಗೆ ಬರುತ್ತಿತ್ತು ಅಷ್ಟೆ. ಮರುವರ್ಷ ಆಸ್ಪತ್ರೆಗೆ ಹೋದಾಗ ನಗೆ ಬರಲಿಲ್ಲ.

2009ರಲ್ಲಿ ಒಂದು ದೊಡ್ಡ ಖಾಸಗಿ ಆಸ್ಪತ್ರೆಯ ನರ್ಸುಗಳಿಗೆ ಸಂಜೆಯ ತರಗತಿ ನಡೆಸಲು ಕರೆ ಬಂತು. ಬ್ಯಾಂಕಾಕಿನ ಇಂಥ ಆಸ್ಪತ್ರೆಗಳಿಗೆ ಅರಬ್ ದೇಶಗಳಿಂದ, ಬಾಂಗ್ಲಾದೇಶದಿಂದ, ಬರ್ಮಾದಿಂದ, ಜಪಾನಿನಿಂದ ರೋಗಿಗಳು ಬರುತ್ತಾರೆ. ಸಂದರ್ಶನದಲ್ಲಿ ಅಲ್ಲಿಯ ಹಿರಿಯ ನರ್ಸು ಮೆಲ್ಲನೆ ಕೇಳಿದಳು, “ನೀವು ನೇಟಿವ್ ಅಲ್ಲ, ಅಲ್ಲವೇ?” ಈ ಸಲ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. “ಇವತ್ತು ನಿಮ್ಮ ವಾರ್ಡಿನಲ್ಲಿ ಇಂಗ್ಲೆಂಡಿನವರು ಎಷ್ಟು ಮಂದಿ ಇದ್ದಾರೆ?” ಎಂದೆ. ಆಕೆ ಎಣಿಸಿದಳು. ಒಬ್ಬರೂ ಇರಲಿಲ್ಲ. ಓಮಾನಿನ ಅಜ್ಜ, ಢಾಕಾದ ತಾಯಿ, ಥಾಯ್ ನರ್ಸು. ಮೂವರಿಗೂ ಇಂಗ್ಲಿಷ್ ಎರವಲು ತಂದ ಪಾತ್ರೆ. ಬ್ರೀಟಾ ಹೇಕ್ರಾಫ್ಟರ ಕಥೆಯನ್ನೂ ಹೇಳಿದೆ. ಆಗ್ನೇಯ ಏಷ್ಯಾದ ಹತ್ತು ದೇಶಗಳು ಸೇರಿದ್ದ ಆಸಿಯಾನ್ ಕೂಟದ ಸನ್ನದು ಆಗಷ್ಟೇ, 2008ರ ಡಿಸೆಂಬರಿನಲ್ಲಿ, ಜಾರಿಗೆ ಬಂದಿತ್ತು. ಕೂಟದ ಕೆಲಸದ ಭಾಷೆ ಇಂಗ್ಲಿಷ್ ಎಂದು ಅದರಲ್ಲಿ ಬರೆದಿದೆ. ಆ ಹತ್ತರಲ್ಲಿ ಇಂಗ್ಲಿಷರ ದೇಶ ಒಂದೂ ಇಲ್ಲ ಎಂದೂ ಸೇರಿಸಿದೆ. ಆಕೆ ನಕ್ಕು, ಗಂಟೆಗೆ ಎಷ್ಟು ತೆಗೆದುಕೊಳ್ಳುತ್ತೀರಿ ಎಂದಳು. ಫರಂಗ್ ಟೀಚರಿಗೆ ಎಷ್ಟು ಕೊಡುತ್ತಿದ್ದಿರೋ ಅಷ್ಟು ಎಂದೆ. ಒಪ್ಪಿದಳು. ಸಂಬಳದ ಮಾತಿನಲ್ಲಿ ನನ್ನ ನಾಲಿಗೆ ಗಟ್ಟಿಯಾದದ್ದು ಅಂದೇ.

ಆ ತರಗತಿಯಂಥ ತರಗತಿ ನನಗೆ ಮತ್ತೆ ಸಿಕ್ಕಿಲ್ಲ. ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಬಂದ ಹುಡುಗಿಯರು, ಕಾಲು ಮೇಜಿನ ಕೆಳಗೆ ಚಾಚಿಕೊಂಡು ಕೂರುತ್ತಿದ್ದರು. ನೋವಿನ ಬಗೆಗಳನ್ನು ಕಲಿಸಿದೆ: ಚುಚ್ಚುವ ನೋವು, ಉರಿಯುವ ನೋವು, ಕುಟ್ಟುವ ನೋವು, ಸೆಳೆಯುವ ನೋವು. ಆಮೇಲೆ ಬಂತು ಹದಿನೈದು, ಐವತ್ತು. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಅವರ ಬಾಯಲ್ಲಿ ಒಂದೇ ಆಗಿ ಕೇಳುತ್ತಿದ್ದವು, ಏಕೆಂದರೆ ಥಾಯ್ ನಾಲಿಗೆ ಕೊನೆಯ ಅಕ್ಷರವನ್ನೇ ಒತ್ತಿ ಹೇಳುತ್ತದೆ. ಹದಿನೈದು ಮಿಲಿಗ್ರಾಂ ಎಂದದ್ದು ಐವತ್ತಾಗಿ ಕೇಳಿದರೆ? ಮೂರು ಸಂಜೆ ಅದೊಂದನ್ನೇ ಮಾಡಿದೆವು. ಬಾಯಿಯ ಮೇಲೆ ಪೂರ್ತಿ ಭರವಸೆ ಬೇಡವೆಂದು, ಅಂಕಿಯನ್ನು ಬಿಡಿಸಿ ‘ಒನ್ ಫೈವ್’, ‘ಫೈವ್ ಜೀರೋ’ ಎಂದು ಇನ್ನೊಮ್ಮೆ ಹೇಳುವುದನ್ನೂ, ಕಾಗದದ ಮೇಲೆ ಬರೆದು ತೋರಿಸುವುದನ್ನೂ ರೂಢಿ ಮಾಡಿಸಿದೆ. ಹೀಗೆ ಮಾಡಿ ಎಂದು ಯಾವ ಕೋರ್ಸಿನಲ್ಲೂ ಹೇಳಿಕೊಟ್ಟಿರಲಿಲ್ಲ. ಕಿವಿಗೆ ಹೆದರಿ ಬೆಳೆದವರಿಗೆ ಇದು ತಾನಾಗಿ ಹೊಳೆಯುತ್ತದೆ. ನಮ್ಮ ಬ್ಯಾಂಕಿನಲ್ಲಿ ಕ್ಯಾಷಿಯರು ಇಂಗ್ಲಿಷಿನಲ್ಲಿ ಸಂಖ್ಯೆ ಹೇಳಿದರೆ ನಮ್ಮಮ್ಮ ಇಂದಿಗೂ “ಬರೆದು ಕೊಡಪ್ಪ” ಎನ್ನುತ್ತಾಳೆ.

ಎರಡನೇ ವರ್ಷದ ಕರಾರಿಗೆ ಶಾಲೆಯವರು ಕರೆದಾಗ ಆಸ್ಪತ್ರೆಯ ಗಂಟೆ ಲೆಕ್ಕದ ಚೀಟಿಯನ್ನು ಮೇಜಿನ ಮೇಲಿಟ್ಟೆ. 18,000 ಹೋಗಿ 28,000 ಆಯಿತು. ಹುಡುಗನ ಸಂಬಳಕ್ಕೆ ಆಗಲೂ ಏಳು ಸಾವಿರ ಕಡಿಮೆ. ಅವನಿಗೇ ನಾಚಿಕೆಯಾಗಿ ಪ್ರತಿ ತಿಂಗಳ ಮೊದಲ ಶುಕ್ರವಾರ ಸ್ಟಾಫ್ ರೂಮಿಗೆಲ್ಲ ತಿಂಡಿ ಕೊಡಿಸುತ್ತಿದ್ದ. ತಿಂದೆವು. 2012ರಲ್ಲಿ ನಾವು ಊರಿಗೆ ಮರಳುವವರೆಗೂ ಆ ಏಳು ಸಾವಿರ ಪೂರ್ತಿಯಾಗಿ ತುಂಬಲಿಲ್ಲ.

ಈಗ ಅಕ್ಕನ ಮಗಳಿಗೆ ಈ ಹುಚ್ಚು ಹತ್ತಿದೆ. ಮೊನ್ನೆ ಫೋನು ಮಾಡಿ, “ಚಿಕ್ಕಮ್ಮ, ಮೂರು ಸಾವಿರಕ್ಕೆ 120 ಗಂಟೆಯ ಟೆಫ್ಲ್, ಮನೆಯಲ್ಲೇ ಕೂತು ಮಾಡಬಹುದಂತೆ” ಎಂದಳು. ಅದರಲ್ಲಿ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಿಸುತ್ತಾರೆಯೇ, ಮಾಡುವಾಗ ಯಾರಾದರೂ ನೋಡಿ ತಿದ್ದುತ್ತಾರೆಯೇ ಎಂದು ಕೇಳಿದೆ. ಇಲ್ಲವಂತೆ. ಈಜು ಕಲಿಯಲು ಪುಸ್ತಕ ಕೊಂಡ ಹಾಗೆ ಅದು. ಸೆಲ್ಟಾದಲ್ಲಾಗಲಿ, ಲಂಡನ್ನಿನ ಟ್ರಿನಿಟಿ ಕಾಲೇಜು ಕೊಡುವ ಅಂಥದೇ ಸರ್ಟಿಫಿಕೇಟಿನಲ್ಲಾಗಲಿ ಆ ಆರು ಗಂಟೆ ಪಾಠ ತಪ್ಪುವುದಿಲ್ಲ. 2020ರ ನಂತರ ಸೆಲ್ಟಾವನ್ನು ಪೂರ್ತಿ ಕಂಪ್ಯೂಟರಿನ ಮುಂದೆ ಕೂತೇ ಮಾಡಬಹುದಾಗಿದೆ, ಆದರೆ ಅಲ್ಲೂ ಪರದೆಯಾಚೆ ನಿಜವಾದ ವಿದ್ಯಾರ್ಥಿಗಳಿರುತ್ತಾರೆ.

ಅವಳಿಗೆ ಯಾವನೋ ಏಜೆಂಟು, “ಮೊದಲು ಟೂರಿಸ್ಟ್ ವೀಸಾದಲ್ಲಿ ಬನ್ನಿ, ಕೆಲಸಕ್ಕೆ ಸೇರಿದ ಮೇಲೆ ಪರ್ಮಿಟ್ಟು ಮಾಡಿಸೋಣ” ಎಂದಿದ್ದಾನಂತೆ. ಅವನ ಫೋನು ಎತ್ತಬೇಡ ಎಂದೆ. ಕೊರಿಯಾಕ್ಕೆ ಹೋಗಬಹುದೇ ಎಂದಳು. ಅಲ್ಲಿ ಇಂಗ್ಲಿಷ್ ಟೀಚರ ವೀಸಾ ಏಳು ದೇಶಗಳವರಿಗೆ ಮೀಸಲು. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಒಪ್ಪಂದ ನಮ್ಮವರಿಗೂ ಸಹಾಯಕ ಟೀಚರಾಗುವ ಕಿಂಡಿಯೊಂದನ್ನು ತೆರೆಯಿತು, ಅದಕ್ಕೂ ಶಿಕ್ಷಕಿಯಾಗುವ ಅರ್ಹತೆಯ ಪತ್ರ ಬೇಕು ಎಂದೆ. ಪುಣ್ಯಕ್ಕೆ ಅವಳೂ ಬಿ.ಎಡ್. ಮಾಡಿದ್ದಾಳೆ.

“ಹಾಗಾದರೆ ಮೊದಲು ಏನು ಮಾಡಲಿ ಚಿಕ್ಕಮ್ಮ?” ಎಂದಳು.

“ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಯೂನಿವರ್ಸಿಟಿಗೆ ಹೋಗಿ, ಬಿ.ಎಡ್. ನಿಜ ಅನ್ನೋ ಪತ್ರಕ್ಕೆ ಅರ್ಜಿ ಹಾಕು. ಊಟದ ಡಬ್ಬಿ ತಗೊಂಡು ಹೋಗು” ಎಂದೆ.